ಓದುಗರ ಸ್ಪಂದನ: ಜಾರಿದ ಒಂದು ಸೊಲ್ಲು

ಶಿಷ್ಯೆಯ ರಂಗಪ್ರವೇಶಕ್ಕೆ (ಭರತನಾಟ್ಯದ ಮೊದಲ ಪೂರ್ಣ ಪ್ರದರ್ಶನಕ್ಕೆ) ನಟ್ಟುವಾಂಗ ನಡೆಸಿದ, ಅಂದರೆ ತಾಳ ಹಾಕುತ್ತ ಸೊಲ್ಲುಗಳನ್ನು (ತಕಧಿಮಿಯಂಥ ಲಯದ ನುಡಿಗಳನ್ನು) ಹೇಳಿ ಕುಣಿಸಿದ ಓದುಗರೊಬ್ಬರು, ವರ್ಣವೆಂಬ ದೀರ್ಘ ನೃತ್ಯದ ತ್ರಿಕಾಲ ಜತಿಯಲ್ಲಿ (ಮೂರು ಕಾಲಗಳಲ್ಲಿ, ಎಂದರೆ ಮೂರು ವೇಗಗಳಲ್ಲಿ ಹೇಳುವ ಸೊಲ್ಲುಗಳ ಸರಣಿಯಲ್ಲಿ) ತಮ್ಮಿಂದಾದ ಸಣ್ಣ ತಪ್ಪು ಮನಸ್ಸಿನಿಂದ ಹೋಗುತ್ತಿಲ್ಲ, ಏನು ಮಾಡಲೆಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಬಂದ ಪತ್ರಗಳಲ್ಲಿ ಮೂರು ಇಲ್ಲಿವೆ. ಮೊದಲನೆಯದನ್ನು ಮೊಟಕುಗೊಳಿಸಲು ಮನಸ್ಸಾಗಲಿಲ್ಲ.

ನಾನು ನಟ್ಟುವಾಂಗಕ್ಕೆ ಕುಣಿಯುತ್ತಿದ್ದವಳು. ನಮ್ಮ ಗುರುಗಳು ಲಯದಲ್ಲಿ ಬಹಳ ಗಟ್ಟಿಗರು. ಆದರೆ ತಮ್ಮ ಬಾಯಿಂದ ಒಂದು ಸೊಲ್ಲು ಜಾರಿದರೂ ಕಾರ್ಯಕ್ರಮ ಮುಗಿದ ಮೇಲೆ ಅದನ್ನೇ ಹಿಡಿದು ಕೂರುತ್ತಿದ್ದರು. ನಾನು ಗೆಜ್ಜೆ ಬಿಚ್ಚುವ ಮೊದಲೇ, ಮುಖದ ಬಣ್ಣ ಬೆವರಿನಲ್ಲಿ ಇಳಿಯುತ್ತಿರುವಾಗಲೇ, ‘ಎರಡನೇ ಕಾಲದಲ್ಲಿ ಅರ್ಧ ಅಕ್ಷರ ಮುಂದೆ ಹೋದೆ, ನಿನಗೆ ತಿಳಿಯಿತೇ?’ ಎಂದು ಕೇಳುತ್ತಿದ್ದರು. ತಿಳಿಯಲಿಲ್ಲ ಎಂದರೆ ನನಗೆ ತಾಳಜ್ಞಾನವಿಲ್ಲವೆಂದಾಗುತ್ತಿತ್ತು, ತಿಳಿಯಿತು ಎಂದರೆ ಅವರ ಮುಖ ಬಾಡುತ್ತಿತ್ತು. ಅಭಿನಯ ಹೇಗೆ ಬಂತೆಂಬ ಮಾತು ಒಮ್ಮೆಯೂ ಬರಲಿಲ್ಲ. ಅವರು ದಂಡಿಸಿಕೊಳ್ಳುತ್ತಿದ್ದುದು ತಮ್ಮನ್ನೇ ಹೊರತು ನನ್ನನ್ನಲ್ಲ ಎಂಬುದು ಈಗ ಅರ್ಥವಾಗುತ್ತದೆ. ಆಗ ಮಾತ್ರ, ನಾನು ಇನ್ನಷ್ಟು ಚೆನ್ನಾಗಿ ಕುಣಿದಿದ್ದರೆ ಅದು ಮುಚ್ಚಿಹೋಗುತ್ತಿತ್ತೇನೋ ಎಂದು ಕೊರಗಿ ಕೊರಗಿ, ಕೊನೆಗೆ ಗೆಜ್ಜೆ ಕಟ್ಟುವುದನ್ನೇ ಬಿಟ್ಟೆ. ನಿಮ್ಮ ಶಿಷ್ಯೆಯ ಮುಂದೆ ಆ ಜತಿಯ ಮಾತನ್ನು ದಯವಿಟ್ಟು ಎತ್ತಬೇಡಿ.

ಇದೇ ಕಳಕಳಿ ಎರಡನೆಯ ಪತ್ರದಲ್ಲೂ ಇದೆ, ದನಿ ಮಾತ್ರ ತುಸು ಬಿರುಸು.

ಅಷ್ಟುದ್ದದ ಪತ್ರದಲ್ಲಿ ನಿಮ್ಮ ಶಿಷ್ಯೆ ಹೇಗೆ ಕುಣಿದಳೆಂದು ಒಂದು ಸಾಲೂ ಇಲ್ಲ. ರಂಗಪ್ರವೇಶ ಯಾರದು?

ಮೃದಂಗ ನುಡಿಸುವ ಓದುಗರೊಬ್ಬರು, ಕೇಳಿದ ಪ್ರಶ್ನೆಯಿಂದ ಸ್ವಲ್ಪ ಆಚೆ ಸರಿದಿದ್ದಾರಾದರೂ, ಅವರ ಸಲಹೆ ಅಭ್ಯಾಸಕ್ಕೆ ಒದಗುವಂಥದು.

ತ್ರಿಕಾಲ ಜತಿಯಲ್ಲಿ ಎಡವುವುದು ಹೆಚ್ಚಾಗಿ ವೇಗದಿಂದಲ್ಲ, ಒಂದು ಕಾಲದಿಂದ ಇನ್ನೊಂದಕ್ಕೆ ದಾಟುವಾಗ. ಆದಿತಾಳದ 8 ಎಣಿಕೆಗಳು ಒಂದೇ ಸಮನೆ ಸಾಗುತ್ತಿರುವಾಗಲೇ, ಎಣಿಕೆಗೆ 2 ಇದ್ದ ಅಕ್ಷರ 4 ಆಗುತ್ತದೆ, 4 ಇದ್ದದ್ದು 8 ಆಗುತ್ತದೆ. ಅಲ್ಲಿ ಬಾಯಿ ಓಡಿದರೆ ಕೈಯೂ ಅದರ ಹಿಂದೆ ಓಡುತ್ತದೆ. ಇಡೀ ವರ್ಣದ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿ ಮನಸ್ಸು ಕೆಡಿಸಿಕೊಳ್ಳದೆ, ಆ ಸಂಧಿಯನ್ನು ಮಾತ್ರ ಕೈತಾಳ ಹಾಕಿಕೊಂಡು ಹೇಳಿ ರೂಢಿಸಿಕೊಳ್ಳಿ. ವೇದಿಕೆಯ ಮೇಲೆ ಸೊಲ್ಲು ತಪ್ಪಿದರೆ ಅದನ್ನು ಹುಡುಕಿಕೊಂಡು ಹಿಂದಕ್ಕೆ ಹೋಗಬಾರದು. ಬಾಯಿ ನಿಂತರೂ ತಾಳ ಬಿಡಬೇಡಿ. ಮೃದಂಗ ಜತಿಯನ್ನು ನಡೆಸಿಕೊಂಡು ಹೋಗುತ್ತದೆ, ತೀರ್ಮಾನ (ಜತಿಯ ಮುಕ್ತಾಯದ ಭಾಗ) ಮೂರು ಸಲ ಬರುವಷ್ಟರಲ್ಲಿ ನೀವೂ ಸೇರಿಕೊಳ್ಳಬಹುದು.

ಪ್ರಶ್ನೆ ಕೇಳಿದ ಓದುಗರು ಮತ್ತೆ ಬರೆಯಲೆಂದು ಕೋರುತ್ತೇವೆ. ಶಿಷ್ಯೆಯೂ ಬರೆದರೆ ಇನ್ನೂ ಸಂತೋಷ.