ಮಗಳ ಐಸ್ ಹಾಕಿ ಸ್ಕೇಟ್ ಕಲ್ಲಿನ ಹಾಗೆ ಗಟ್ಟಿ, ಆದರೂ ಕಾಲು ಒಳಗೆ ವಾಲುತ್ತಿದೆ. ಯಾಕೆ?

ಆಲ್ದೂರು_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಚಿಕ್ಕಮಗಳೂರು ತಾಲ್ಲೂಕು ಆಲ್ದೂರು ಕಡೆಯವರು. ಮಗಳಿಗೆ 11 ವರ್ಷ, ತೂಕ 31 ಕೆಜಿ. ಮೂರು ವರ್ಷದಿಂದ ಇನ್‌ಲೈನ್ (ಒಂದೇ ಸಾಲಿನಲ್ಲಿ ಚಕ್ರ ಇರುವ) ಸ್ಕೇಟಿಂಗ್ ಮಾಡುತ್ತಿದ್ದಾಳೆ. ಕಲಿತದ್ದು ನಮ್ಮ ತೋಟದ ಕಾಫಿ ಕಣದಲ್ಲೇ. ಸಿಮೆಂಟ್ ಕಣ, ಚೆನ್ನಾಗಿ ನುಣುಪಾಗಿದೆ, ಮಳೆ ನಿಂತ ಮೇಲೆ ಕೊಯ್ಲು ಶುರುವಾಗುವ ತನಕ ಸಂಜೆ ಹೊತ್ತು ಅದು ಅವಳದ್ದೇ.

2025ರಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳ ತಂಡ ಅಲ್ ಐನ್‌ನಲ್ಲಿ ಐಸ್ ಹಾಕಿ ಏಷ್ಯಾ ಕಪ್ ಕಂಚು ಗೆದ್ದಿತಲ್ಲ, ಆ ವಿಡಿಯೋ ನೋಡಿದಾಗಿನಿಂದ ಇವಳಿಗೆ ಐಸ್ ಹಾಕಿ ಬಿಟ್ಟು ಬೇರೆ ಮಾತೇ ಇಲ್ಲ. ಜನವರಿಯಲ್ಲಿ ಲೇಹ್‌ಗೆ ಹತ್ತು ದಿನದ ಕ್ಯಾಂಪಿಗೆ ಕರೆದುಕೊಂಡು ಹೋಗುತ್ತಿದ್ದೇನೆ.

ಟೊರಾಂಟೋದಲ್ಲಿರುವ ನನ್ನ ತಮ್ಮ ಒಂದು ಜೊತೆ ಸ್ಕೇಟ್ ಕಳಿಸಿದ. ಒಳ್ಳೆಯ ಕಂಪನಿಯ ಮೇಲ್ದರ್ಜೆ ಮಾಡೆಲ್, ಯಾರೋ ಹುಡುಗ ಒಂದೇ ಸೀಸನ್ ಹಾಕಿದ್ದು. ಬೂಟಿನ ಪಕ್ಕ ಬೆರಳಲ್ಲಿ ಒತ್ತಿದರೆ ಒಂದು ಚೂರೂ ಬಗ್ಗಲ್ಲ. ದಸರಾ ರಜೆಯಲ್ಲಿ ದುಬೈಗೆ ನಾದಿನಿ ಮನೆಗೆ ಹೋದಾಗ ಅಲ್ಲಿನ ಮಾಲ್‌ನ ಐಸ್ ರಿಂಕ್‌ನಲ್ಲಿ ಹಾಕಿಸಿದೆ. ಮಗು ನೆಟ್ಟಗೆ ಕಂಬದ ಹಾಗೆ ನಿಂತಳು. ಎರಡೂ ಕಾಲು ಒಳಗಡೆ ವಾಲಿದವು. ಪಕ್ಕಕ್ಕೆ ಒತ್ತಿದರೆ ಬ್ಲೇಡ್ ಸುಮ್ನೆ ಜಾರಿ ಹೋಗುತ್ತಿತ್ತು. ಅರ್ಧ ಗಂಟೆಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಆಮೇಲೆ ಅಲ್ಲೇ ಬಾಡಿಗೆಗೆ ಸಿಗುವ ಮೆತ್ತಗಿನ ಹಳೇ ಸ್ಕೇಟ್ ಹಾಕಿಸಿದರೆ ಹತ್ತು ನಿಮಿಷದಲ್ಲಿ ರೌಂಡ್ ಹೊಡೆಯಲು ಶುರು ಮಾಡಿದಳು!

ಬೂಟ್ ಜಾಸ್ತಿ ಗಟ್ಟಿ ಆಗಿದ್ದೇ ಕಾರಣನಾ? ಅವಳ ಆಂಕಲ್ (ಪಾದದ ಗಿಣ್ಣು) ವೀಕ್ ಇದೆ, ಕಾಲಿಗೆ ಬೆಲ್ಟ್ ಕಟ್ಟಿ ಎಂದು ಒಬ್ಬರು ಹೇಳಿದರು. ಎರಡು ಜೊತೆ ಸಾಕ್ಸ್ ಹಾಕಿ ಅಂತ ಇನ್ನೊಬ್ಬರು. ನಮ್ಮ ಶೂ ನಂಬರ್ 3 ಅಂದಿದ್ದಕ್ಕೆ ತಮ್ಮ ಅಲ್ಲಿನ ಲೆಕ್ಕಕ್ಕೆ ಹಾಕಿ 4 ತಂದಿದ್ದಾನೆ. ತಿಳಿದವರು ದಯವಿಟ್ಟು ಹೇಳಿ.

ಬಿಎಂ_ರೋಡ್_ಸ್ಕೇಟರ್

ಮೇಡಂ, ನಾನು ಹಾಸನದಲ್ಲಿ ಮಕ್ಕಳಿಗೆ ರೋಲರ್ ಸ್ಕೇಟಿಂಗ್ ಹೇಳಿಕೊಡುತ್ತೇನೆ. ಐಸ್ ಮೇಲೆ ನಾನು ಆಡಿಲ್ಲ, ಆದರೆ ಬೂಟಿನ ವಿಷಯ ಎರಡಕ್ಕೂ ಒಂದೇ. 31 ಕೆಜಿ ಮಗುವಿಗೆ ದೊಡ್ಡವರ ಗಟ್ಟಿ ಬೂಟ್ ಬೇಡವೇ ಬೇಡ. ಮಗುವಿನ ಭಾರಕ್ಕೆ ಅದು ಮುಂದಕ್ಕೆ ಬಗ್ಗಲ್ಲ. ಬೂಟ್ ಬಗ್ಗದಿದ್ದರೆ ಮಂಡಿ ಬಗ್ಗಲ್ಲ. ಮಂಡಿ ಬಗ್ಗದ ಮಗು ಸೊಂಟದಿಂದ ಬಾಗುತ್ತದೆ, ಕುಂಡೆ ಹಿಂದೆ ಹೋಗುತ್ತದೆ, ಭಾರ ಎಲ್ಲ ಹಿಮ್ಮಡಿ ಮೇಲೆ. ಮೆತ್ತಗಿನ ಮಕ್ಕಳ ಮಾಡೆಲ್ ತೆಗೆದುಕೊಳ್ಳಿ, ಆಂಕಲ್‌ಗೂ ಬಲ ಬರುತ್ತದೆ. ಬೆಲ್ಟ್ ಬೇಡ.

ಹೇಮಾವತಿ_ದಂಡೆಯವ

ಅಕ್ಕ, ನಾನು ಹೊಳೆನರಸೀಪುರದವನು, ಕ್ಯಾಲ್ಗರಿಗೆ ಬಂದು ಒಂಬತ್ತು ವರ್ಷ. 33ನೇ ವಯಸ್ಸಿನಲ್ಲಿ ಐಸ್ ಹಾಕಿ ಕಲಿತೆ, ಈಗ ವಾರಕ್ಕೆ ಎರಡು ರಾತ್ರಿ ಆಡುತ್ತೇನೆ. ಮೇಷ್ಟ್ರು ಹೇಳಿದ್ದು ಸರಿ, ಆದರೆ ನಿಮ್ಮ ಮಗಳ ಮೊದಲ ತೊಂದರೆ ಗಟ್ಟಿತನ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಬೂಟ್ ದೊಡ್ಡದು.

ನೋಡಿ, ಹಿಮ್ಮಡಿಯಲ್ಲಿ ಬೊಬ್ಬೆ ಅಂದಿರಲ್ಲ. ಹಿಮ್ಮಡಿ ಒಳಗಡೆ ಮೇಲೆ ಕೆಳಗೆ ಆಡಿದರೇ ಹೆಚ್ಚಾಗಿ ಅಲ್ಲಿ ಬೊಬ್ಬೆ ಬರುವುದು. ಮಳೆಗಾಲದಲ್ಲಿ ಒಂದು ನಂಬರ್ ದೊಡ್ಡ ಗಮ್‌ಬೂಟ್ ಹಾಕಿಕೊಂಡು ತೋಟದ ಕೆಸರಲ್ಲಿ ನಡೆದವರಿಗೆ ಗೊತ್ತಿರುತ್ತದೆ, ಬೂಟ್ ಅಲ್ಲೇ ಉಳಿದು ಹಿಮ್ಮಡಿ ಮೇಲೆ ಏಳುತ್ತದೆ, ಹೆಜ್ಜೆ ಇಟ್ಟ ಕಡೆ ನಿಲ್ಲಲ್ಲ. ಸ್ಕೇಟ್‌ನಲ್ಲೂ ಅದೇ ಆಗುತ್ತದೆ, ಒಂದೇ ವ್ಯತ್ಯಾಸ ಅಂದರೆ ಕೆಳಗೆ 3 ಮಿಲಿಮೀಟರ್ ದಪ್ಪದ ಬ್ಲೇಡ್ ಇರುತ್ತದೆ. ಒಳಗೆ ಕಾಲು ಅರ್ಧ ಇಂಚು ಆಡಿದರೆ ಬ್ಲೇಡ್ ಒಂದು ಕಡೆ, ಕಾಲು ಒಂದು ಕಡೆ. ಬೂಟ್ ಎಷ್ಟೇ ಗಟ್ಟಿ ಇರಲಿ, ಕಾಲು ಅದರ ಗೋಡೆಗೆ ತಾಗಿಕೊಂಡೇ ಇಲ್ಲದಿದ್ದರೆ ಆ ಗಟ್ಟಿ ಗೋಡೆ ಏನು ಹಿಡಿಯುತ್ತದೆ? ಅದಕ್ಕೇ ಕಾಲು ಒಳಗೆ ವಾಲುವುದು. ಅದನ್ನು ನೋಡಿ ಮಗುವಿನ ಆಂಕಲ್ ವೀಕ್ ಅಂದುಬಿಡುತ್ತಾರೆ, ಕೇಳಿದರೆ ಬೇಜಾರಾಗುತ್ತದೆ. ಮೂರು ವರ್ಷ ಇನ್‌ಲೈನ್ ಮಾಡಿದ ಹುಡುಗಿಯ ಆಂಕಲ್ ಹೇಗೆ ವೀಕ್ ಆಗುತ್ತದೆ?

ಸೈಜ್ ಎಲ್ಲಿ ತಪ್ಪಿತು ಅಂದರೆ, ನಮ್ಮ ಊರಿನ ಶೂ ನಂಬರ್ ಬ್ರಿಟಿಷ್ ಲೆಕ್ಕ. ಇಲ್ಲಿನ ಲೆಕ್ಕದಲ್ಲಿ ಅದು ಸುಮಾರು ಒಂದು ನಂಬರ್ ಜಾಸ್ತಿ. ಅಲ್ಲಿಗೆ 3 ಹೋಗಿ 4 ಆಯಿತು, ನಿಮ್ಮ ತಮ್ಮ ಅಷ್ಟರ ಮಟ್ಟಿಗೆ ಸರಿ. ಆದರೆ ಹಾಕಿ ಸ್ಕೇಟ್ ನಂಬರ್ ಇಲ್ಲಿನ ಶೂ ನಂಬರಿಗಿಂತ ಒಂದರಿಂದ ಒಂದೂವರೆ ಕಡಿಮೆ ಬರಬೇಕು. ಅಂದರೆ ಅವಳಿಗೆ 2.5 ಅಥವಾ 3. ಬೆಳೆಯುವ ಮಗು ಅಂತ ಅರ್ಧ ನಂಬರ್ ಜಾಸ್ತಿ ಇಡಬಹುದು, ಅದಕ್ಕಿಂತ ಬೇಡ. ಶೂ ನಂಬರ್ ನಂಬಬೇಡಿ, ಪೇಪರ್ ಮೇಲೆ ಕಾಲಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದು ಸೆಂಟಿಮೀಟರ್‌ನಲ್ಲಿ ಉದ್ದ ಅಗಲ ಎರಡೂ ಕಳಿಸಿ. ಅಗಲವೂ ಮುಖ್ಯ. ಬಾವರ್ ಕಂಪನಿಯಲ್ಲಿ ಫಿಟ್ 1, 2, 3 ಅಂತ ಇದೆ, 1 ಕಿರಿದು, 3 ಅಗಲ. ಹಳೇ ಜೋಡಿಗಳ ಮೇಲೆ ಡಿ, ಇಇ ಅಂತ ಇರುತ್ತದೆ, ಡಿ ಸಾಧಾರಣ, ಇಇ ಅಗಲ. ಸಣ್ಣ ವಯಸ್ಸಿನಿಂದ ಚಪ್ಪಲಿಯಲ್ಲಿ, ಬರಿಗಾಲಲ್ಲಿ ಓಡಾಡಿದ ಕಾಲು ಮುಂದಗಡೆ ಹರಡಿಕೊಂಡಿರುತ್ತದೆ, ನನ್ನದೂ ಹಾಗೇ. ಉದ್ದ ಸರಿಯಾಗಿ ಅಗಲ ಸಾಲದೇ ಹೋದರೆ ಅಂಗಡಿಯವರು ಮತ್ತೆ ದೊಡ್ಡ ನಂಬರ್ ಕೊಡುತ್ತಾರೆ, ಮತ್ತೆ ಹಿಮ್ಮಡಿ ಆಡುತ್ತದೆ. ನನ್ನ ಮೊದಲ ಜೋಡಿ ಹಾಗೇ ಆಯಿತು, ಒಂದು ಚಳಿಗಾಲ ಪೂರ್ತಿ ಹಾಳು.

ಇವತ್ತೇ ಮನೆಯಲ್ಲಿ ಪರೀಕ್ಷೆ ಮಾಡಬಹುದು. ತೆಳ್ಳಗಿನ ಒಂದೇ ಸಾಕ್ಸ್ ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಲೇಸ್ ಕಟ್ಟಿ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಿನ ಗೋಡೆಗೆ ಸವರಬೇಕು. ಮಂಡಿ ಬಗ್ಗಿಸಿದಾಗ ಬೆರಳು ಹಿಂದಕ್ಕೆ ಸರಿದು ಬಿಡುವಾಗಬೇಕು. ಹಾಗೇ ಬಗ್ಗಿ ನಿಂತಿರಲಿ, ನೀವು ಹಿಂದಿನಿಂದ ಹಿಮ್ಮಡಿ ಮತ್ತು ಬೂಟಿನ ನಡುವೆ ಬೆರಳು ತೂರಿಸಿ. ಒಂದು ಬೆರಳಿಗಿಂತ ಜಾಸ್ತಿ ಹೋದರೆ ದೊಡ್ಡದು, ಬೇರೆ ಮಾತಿಲ್ಲ. ಕೊನೆಗೆ ಲೇಸ್ ಬಿಚ್ಚಿ, ನಾಲಿಗೆ ಮುಂದಕ್ಕೆ ಎಳೆದು, ಮೇಲಿನಿಂದ ಮೂರನೇ ತೂತಿನ ಮಟ್ಟದಲ್ಲಿ ಒಂದು ಪೆನ್ಸಿಲ್ ಅಡ್ಡ ಇಡಿ. ಪಾದಕ್ಕೆ ತಾಗದೆ ಎರಡು ಅಂಚಿನ ಮೇಲೆ ಕೂತರೆ ಬೂಟಿನ ಆಳ ಸರಿ. ತಾಗಿದರೆ ಆಳ ಸಾಲದು, ಲೇಸ್ ಕಟ್ಟಿದಾಗ ಪಾದದ ಮೇಲೆ ನೋವು ಬರುತ್ತದೆ.

ಇನ್ನು ಗಟ್ಟಿತನ. ಇದರಲ್ಲಿ ಎರಡು ದಿಕ್ಕು ಇದೆ. ಪಕ್ಕಕ್ಕೆ ಗಟ್ಟಿ ಬೇಕು, ಪಕ್ಕಕ್ಕೆ ಒತ್ತಿದ ಬಲ ಬೂಟ್ ಸೊಟ್ಟಗಾಗಿ ಪೋಲಾಗದೆ ನೇರ ಐಸ್‌ಗೆ ಹೋಗಬೇಕು, ಸಡನ್ ಆಗಿ ನಿಲ್ಲುವಾಗಲೂ ಅಷ್ಟೇ, ಜೊತೆಗೆ ಪಕ್ (ಆಟದ ಗಟ್ಟಿ ರಬ್ಬರ್ ಬಿಲ್ಲೆ) ಬಂದು ಬಡಿದರೆ ಕಾಲು ಉಳಿಯಬೇಕು. ಮುಂದಕ್ಕೆ ಮಾತ್ರ ಬಗ್ಗಬೇಕು, ಮಂಡಿ ಕಾಲ್ಬೆರಳು ದಾಟಿ ಬರಬೇಕು. 90 ಕೆಜಿ ಆಳು ಜೋರಾಗಿ ಆಡುವಾಗ ಮೇಲ್ದರ್ಜೆ ಬೂಟ್ ಅವನಿಗೆ ಬಗ್ಗುತ್ತದೆ, 31 ಕೆಜಿಗೆ ಬಗ್ಗಲ್ಲ. ಅದಕ್ಕೇ ಮೇಷ್ಟ್ರು ಹೇಳಿದಂತೆ ಇಷ್ಟು ಗಟ್ಟಿ ಬೇಡ, ಮಧ್ಯಮ ದರ್ಜೆ ಮಾಡೆಲ್ ನೋಡಿ. ತೀರಾ ಮೆತ್ತಗಿನದ್ದೂ ಬೇಡ, ಹಿಮ್ಮಡಿ ಹತ್ತಿರ ಎರಡು ಕೈಯಲ್ಲಿ ಹಿಸುಕಿದರೆ ಗೋಡೆಗಳು ಒಂದಕ್ಕೊಂದು ತಾಗುವಷ್ಟು ಮೆತ್ತಗಿದ್ದರೆ ಬಿಡಿ.

ಬ್ಲೇಡ್ ಜಾರಿತು ಅಂದಿರಿ. ಅದಕ್ಕೆ ಬೂಟ್ ಕಾರಣವೇ ಅಲ್ಲ, ಬ್ಲೇಡ್ ಮೊಂಡು. ಬಾಡಿಗೆ ಸ್ಕೇಟ್ ಸೈಜೂ ಸರಿ ಇತ್ತು, ಸಾಣೆಯೂ ಆಗಿತ್ತು, ಅದಕ್ಕೇ ಮಗು ಓಡಿದಳು. ಬ್ಲೇಡ್ ತಿರುಗಿಸಿ ನೋಡಿ, ಕೆಳಭಾಗದಲ್ಲಿ ಉದ್ದಕ್ಕೂ ಸಣ್ಣ ಕಾಲುವೆ ಥರ ತಗ್ಗು, ಎರಡು ಕಡೆ ಎರಡು ಅಂಚು. ಉಗುರನ್ನು ಅಂಚಿನ ಮೇಲೆ ಅಡ್ಡ ಎಳೆದರೆ ಬಿಳಿ ಪುಡಿ ಏಳಬೇಕು. ಏಳದಿದ್ದರೆ ಸಾಣೆ ಬೇಕು. ದಯವಿಟ್ಟು ಊರಲ್ಲಿ ಕತ್ತಿ, ಕತ್ತರಿ ಸಾಣೆ ಹಿಡಿಯುವವರ ಹತ್ತಿರ ಮಾತ್ರ ಕೊಡಬೇಡಿ, ಅವರು ಒಳ್ಳೆಯ ಮನಸ್ಸಿನಿಂದ ಆ ಕಾಲುವೆಯನ್ನೇ ಅಳಿಸಿಬಿಡುತ್ತಾರೆ. ಇದಕ್ಕೆ ಬೇರೆ ಮೆಷಿನ್ ಇದೆ. ಸಾಧಾರಣವಾಗಿ ಆ ಕಾಲುವೆಯ ಬಾಗಿಗೆ ಅರ್ಧ ಇಂಚು ರೇಡಿಯಸ್ (ತ್ರಿಜ್ಯ) ಹಿಡಿಯುತ್ತಾರೆ, ಹಗುರ ಮಕ್ಕಳಿಗೆ ಇನ್ನೂ ಸ್ವಲ್ಪ ಆಳ ಇದ್ದರೆ ಹಿಡಿತ ಚೆನ್ನಾಗಿರುತ್ತದೆ.

ಅರಕಲಗೂಡು_ಫೌಜಿ

ತಂಗಿ, ನಾನು ಸೇನೆಯಲ್ಲಿದ್ದಾಗ ಎರಡು ಚಳಿಗಾಲ ಲಡಾಖ್‌ನಲ್ಲಿದ್ದೆ. ಕೆರೆ ಹೆಪ್ಪುಗಟ್ಟಿದ ಮೇಲೆ ಆಟ. ಹಿಂದಿನವರು ಮಿಲಿಟರಿ ಬೂಟಿನ ಅಡಿಗೆ ಬ್ಲೇಡ್ ಕಟ್ಟಿಕೊಂಡು ಆಡುತ್ತಿದ್ದರು ಎಂದು ಅಲ್ಲಿನವರು ಹೇಳುತ್ತಿದ್ದರು. ನಮಗೆ ಸ್ಕೇಟ್ ಇತ್ತು, ಆದರೆ ನಾಲ್ಕು ಜನಕ್ಕೆ ಒಂದು ಜೊತೆ. ನನಗೆ ದೊಡ್ಡದಾಗುತ್ತಿತ್ತು, ಎರಡು ಉಣ್ಣೆ ಸಾಕ್ಸ್ ಹಾಕಿ ಲೇಸ್ ಬಿಗಿಯಾಗಿ ಎಳೆದು ಕಟ್ಟಿದೆ. ಕಾಲು ಒಳಗೆ ಆಡುವುದು ನಿಲ್ಲಲಿಲ್ಲ, ಯಾಕೆಂದರೆ ಉಣ್ಣೆ ಅಮುಕಿಕೊಳ್ಳುತ್ತದೆ. ಇಪ್ಪತ್ತು ನಿಮಿಷಕ್ಕೆ ಬೆರಳು ಜೋಮು ಹಿಡಿಯಿತು, ಆಮೇಲೆ ಬೆರಳು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಲಡಾಖಿ ಹುಡುಗ ಒಬ್ಬ ನನ್ನ ಮುಖ ನೋಡಿ ಕೂರಿಸಿ ಬೂಟ್ ಬಿಚ್ಚಿದ, ಕಾಲು ತನ್ನ ಜಾಕೆಟ್ ಒಳಗೆ ಇಟ್ಟುಕೊಂಡ. ಅವನನ್ನು ಇವತ್ತಿಗೂ ಮರೆತಿಲ್ಲ.

ಎರಡು ಸಾಕ್ಸ್ ಬೇಡಮ್ಮ. ಬಿಗಿಯಾದರೆ ರಕ್ತ ಓಡಲ್ಲ, ರಕ್ತ ಓಡದಿದ್ದರೆ ಆ ಚಳಿಗೆ ಕಾಲು ಕೆಡುತ್ತದೆ. ಜನವರಿ ರಾತ್ರಿ ಅಲ್ಲಿ ಮೈನಸ್ 15ಕ್ಕೂ ಕೆಳಗೆ ಹೋಗುತ್ತದೆ. ಐಸ್ ಕೂಡ ಮಾಲ್‌ನಲ್ಲಿ ಇದ್ದ ಹಾಗೆ ಇರಲ್ಲ, ಕಲ್ಲಿನ ಹಾಗೆ ಗಟ್ಟಿ, ಮೊಂಡು ಬ್ಲೇಡ್ ಕಚ್ಚುವುದೇ ಇಲ್ಲ. ಸಾಣೆ ಮೆಷಿನ್ ಇದೆಯಾ ಎಂದು ಕ್ಯಾಂಪ್‌ನವರನ್ನು ಮೊದಲೇ ಕೇಳಿ. ಲೇಹ್ 3,500 ಮೀಟರ್ ಎತ್ತರ, ಹೋದ ಮೊದಲ ಎರಡು ಮೂರು ದಿನ ಮಗುವನ್ನು ಐಸ್‌ಗೆ ಇಳಿಸಬೇಡಿ, ಸುಮ್ನೆ ಮಲಗಿರಲಿ, ಬಿಸಿನೀರು ಕುಡಿಯಲಿ.

ಆಲ್ದೂರು_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣ, ನಿಮ್ಮ ಜಾಕೆಟ್ ವಿಷಯ ಓದಿ ಕಣ್ಣಲ್ಲಿ ನೀರು ಬಂತು.

ನಿನ್ನೆ ರಾತ್ರಿ ಊಟ ಆದಮೇಲೆ ಪರೀಕ್ಷೆ ಮಾಡಿದೆವು. ಹಿಂದೆ ಎರಡು ಬೆರಳು ಆರಾಮಾಗಿ ಹೋದವು, ಮೂರನೆಯದೂ ಅರ್ಧ ಹೋಯಿತು. ಹೆಬ್ಬೆರಳು ಗೋಡೆಗೆ ತಾಗಲೇ ಇಲ್ಲ. ಪೆನ್ಸಿಲ್ ಮಾತ್ರ ಸರಿಯಾಗಿ ಕೂತಿತು. ಉಗುರು ಎಳೆದರೆ ಒಂದು ಅಂಚಿನಲ್ಲಿ ಸ್ವಲ್ಪ ಪುಡಿ, ಇನ್ನೊಂದರಲ್ಲಿ ಏನೂ ಇಲ್ಲ. ಪಾದದ ಉದ್ದ 22 ಸೆಂಟಿಮೀಟರ್. ತಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಪಾಪ ಅವನಿಗೆ ತುಂಬಾ ಬೇಜಾರಾಯಿತು. ಡಿಸೆಂಬರ್‌ನಲ್ಲಿ ಅವನ ಸ್ನೇಹಿತರು ಬರುತ್ತಿದ್ದಾರೆ, ಮಧ್ಯಮ ದರ್ಜೆಯದ್ದು ನಂಬರ್ 3 ಸಾಣೆ ಮಾಡಿಸಿಯೇ ಕಳಿಸುತ್ತೇನೆ ಅಂದ. ಹೊಸ ಜೋಡಿ ಬಂದ ಮೇಲೆ ಐಸ್ ಇಲ್ಲದೆ ಕಾಲಿಗೆ ಒಗ್ಗಿಸುವುದು ಹೇಗೆ? ಈಗ ಕಣದ ತುಂಬಾ ಅರೇಬಿಕಾ ಹರಡಿದೆ, ಇನ್‌ಲೈನ್ ಕೂಡ ಬಂದ್.

ಹೇಮಾವತಿ_ದಂಡೆಯವ

ಮೂರು ಬೆರಳು! ಆ ಬೂಟಿನಲ್ಲಿ ನಿಂತಿದ್ದೇ ದೊಡ್ಡದು ಅಕ್ಕ.

ಬ್ಲೇಡಿಗೆ ಪ್ಲಾಸ್ಟಿಕ್ ಗಾರ್ಡ್ ಹಾಕಿ ಮನೆಯೊಳಗೆ ದಿನಾ ಇಪ್ಪತ್ತು ನಿಮಿಷ ನಿಲ್ಲಲಿ, ಮಂಡಿ ಬಗ್ಗಿಸಿ ಏಳಲಿ. ಗಾರ್ಡ್ ಇಲ್ಲದೆ ಸಿಮೆಂಟ್ ಮೇಲೆ ಒಂದು ಹೆಜ್ಜೆಯೂ ಬೇಡ, ಅಂಚು ಹೋಗುತ್ತದೆ. ಲೇಸ್ ಕಟ್ಟುವಾಗ ಬೆರಳಿನ ಕಡೆ ಸಡಿಲ, ಪಾದ ಬಗ್ಗುವ ಜಾಗದಲ್ಲಿ ಬಿಗಿ, ಮೇಲಿನ ತೂತು ಒಂದು ಬಿಟ್ಟುಬಿಡಿ. ಅಷ್ಟಕ್ಕೇ ಬೂಟ್ ಮುಂದಕ್ಕೆ ಎಷ್ಟು ಬಗ್ಗುತ್ತದೆ ನೋಡಿ. ಅಂಗಡಿಯಲ್ಲಿ ಓವನ್‌ನಲ್ಲಿ ಬಿಸಿ ಮಾಡಿ ಕಾಲಿನ ಆಕಾರಕ್ಕೆ ಕೂರಿಸುತ್ತಾರೆ, ಅದಕ್ಕೆ ಕಾಲು ಅಲ್ಲೇ ಇರಬೇಕು, ಮನೆ ಓವನ್‌ನಲ್ಲಿ ಮಾತ್ರ ಪ್ರಯತ್ನ ಬೇಡ. ಬೂಟ್ ಒಳಗೆ ಸಾಕ್ಸ್ ತೆಳ್ಳಗಿದ್ದಷ್ಟೂ ಬ್ಲೇಡ್ ಚೆನ್ನಾಗಿ ಗೊತ್ತಾಗುತ್ತದೆ. ಬಾಬಿ ಓರ್ ಅಂತ ಕೆನಡಾದ ದೊಡ್ಡ ಆಟಗಾರ, ಅವರು ಸಾಕ್ಸೇ ಹಾಕುತ್ತಿರಲಿಲ್ಲ. ಲೇಹ್ ಚಳಿಯಲ್ಲಿ ಅದು ಬೇಡ.

ಬಿಎಂ_ರೋಡ್_ಸ್ಕೇಟರ್

ನಾನು ಸೈಜ್ ಕೇಳದೆ ಉತ್ತರ ಕೊಟ್ಟಿದ್ದು ತಪ್ಪಾಯಿತು ಮೇಡಂ. ನಮ್ಮ ಸ್ಪೀಡ್ ಸ್ಕೇಟ್ ಬೂಟ್ ಆಂಕಲ್‌ಗಿಂತ ಕೆಳಗೇ ಮುಗಿಯುತ್ತದೆ, ಆದರೂ ಮಕ್ಕಳ ಕಾಲು ವಾಲಲ್ಲ, ಯಾಕೆಂದರೆ ಹಿಮ್ಮಡಿ ಹಿಡಿದಿರುತ್ತದೆ. ಇಷ್ಟು ದಿನ ಅದನ್ನು ಈ ಥರ ಯೋಚಿಸಿರಲಿಲ್ಲ. ನಾಳೆಯಿಂದ ನನ್ನ ಮಕ್ಕಳ ಬೂಟೂ ಒಂದೊಂದೇ ಬೆರಳಿಟ್ಟು ನೋಡುತ್ತೇನೆ. ಕಣ ಖಾಲಿ ಆಗುವ ತನಕ ಮಗಳನ್ನು ಭಾನುವಾರ ಬೆಳಿಗ್ಗೆ ಹಾಸನಕ್ಕೆ ಕರೆದುಕೊಂಡು ಬನ್ನಿ, ಫೀಸ್ ಬೇಡ.

ಆಲ್ದೂರು_ಅಮ್ಮ

ಸರ್, ಖಂಡಿತ ಬರುತ್ತೇವೆ. ಬೇಲೂರು ಮೇಲೆ ಬಂದರೆ ಎರಡು ಗಂಟೆ ದಾರಿ, ಆರಕ್ಕೇ ಹೊರಡುತ್ತೇವೆ. ಕೊಟ್ಟಿಗೆಗೆ ಅಂತ ತಂದ ರಬ್ಬರ್ ಮ್ಯಾಟ್ ಒಂದು ಹೊಸದು ಹಾಗೇ ಇತ್ತು, ಅದನ್ನು ಜಗಲಿಗೆ ಹಾಸಿದ್ದೇವೆ. ಹೊಸ ಸ್ಕೇಟ್ ಬರುವ ತನಕ ಬರಿಗಾಲಲ್ಲೇ ಅದರ ಮೇಲೆ ಒಂಟಿ ಕಾಲಲ್ಲಿ ಮಂಡಿ ಬಗ್ಗಿಸಿ ನಿಂತು ಎಣಿಸುತ್ತಿದ್ದಾಳೆ. ಇವತ್ತು ಎಡಗಾಲು ನಲವತ್ತು, ಬಲಗಾಲು ಇಪ್ಪತ್ತೇಳು.