ಸಾಮಾನ್ಯ ಸಭೆಯಲ್ಲಿ ಕೇಳಿದ್ದು ಒಂದು, ಠರಾವಿನಲ್ಲಿ ಬರೆದದ್ದು ಇನ್ನೊಂದು

ಪ್ರಶ್ನೆ (ಹಾವೇರಿ ಜಿಲ್ಲೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಮತ್ತು ನಗರಸಭೆಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನಮ್ಮ ಓಣಿಯ ಗಟಾರು ಪ್ರತಿ ಮಳೆಗಾಲ ತುಂಬಿ ಹರಿದು, ಕೊನೆಯ ನಾಲ್ಕು ಮನೆಗಳ ಹೊಸ್ತಿಲು ದಾಟಿ ನೀರು ಒಳಗೆ ಬರುತ್ತದೆ. ಕಳೆದ ಸಲ ನಮ್ಮ ಜೋಳದ ಚೀಲದ ತಳ ನೆನೆದು, ಬಿಚ್ಚಿ ನೋಡುವಷ್ಟರಲ್ಲಿ ಕಾಳು ಮೊಳಕೆಯೊಡೆದಿತ್ತು. ಅದಕ್ಕೇ ನಾನು ಸಾಮಾನ್ಯ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ನಮ್ಮ ವಾರ್ಡಿನ ಸದಸ್ಯರು ವಿಷಯ ಎತ್ತಿದಾಗ, ಶಾಲೆಯ ಮೂಲೆಯಿಂದ ರಾಜಕಾಲುವೆಯವರೆಗೆ ಗಟಾರನ್ನು ಅಗಲ ಮಾಡಿ ಕಟ್ಟಬೇಕೆಂದು ಸಭೆ ಒಪ್ಪಿದ್ದನ್ನು ಕಿವಿಯಾರೆ ಕೇಳಿದೆ. ಎರಡು ತಿಂಗಳ ನಂತರ ಕಚೇರಿಯಲ್ಲಿ ವಿಚಾರಿಸಿದರೆ, ಠರಾವಿನಲ್ಲಿ (ಸಭೆಯ ನಿರ್ಣಯದಲ್ಲಿ) "ಅವಶ್ಯವಿದ್ದಲ್ಲಿ ಹೂಳೆತ್ತುವುದು" ಎಂದಷ್ಟೇ ಇದೆ ಎಂದರು. ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ನಡಾವಳಿ ಪುಸ್ತಕವನ್ನು ಮಾತ್ರ ತೋರಿಸಲಿಲ್ಲ. ಅದರ ಪ್ರತಿ ಪಡೆಯುವ ಹಕ್ಕು ನನಗಿದೆಯೇ? ಮಹಾನಗರ ಪಾಲಿಕೆಗಳಿಗೆ ಇರುವ ವಾರ್ಡ್ ಸಮಿತಿ ನಮ್ಮಂಥ ಊರಿಗೆ ಏಕಿಲ್ಲ?

ಉತ್ತರ (ನಿವೃತ್ತ ನೌಕರ, ಗದಗ)

ತಂಗೀ, ನಾನು ಹಲವು ವರ್ಷ ಸಭೆಯ ಕಾಗದಪತ್ರ ನೋಡಿಕೊಂಡವನು. ಎಂಜಿನಿಯರರು ಅಂದಾಜು ಪಟ್ಟಿ ತಯಾರಿಸುವಾಗ ನೋಡುವುದು ಠರಾವಿನ ಸಂಖ್ಯೆಯನ್ನು ಮತ್ತು ಅದರ ಅಕ್ಷರಗಳನ್ನು. ಸಭೆಯಲ್ಲಿ ಯಾರು ಏನೆಂದರು ಎಂಬುದು ಅವರ ಮೇಜಿಗೆ ಬರುವುದಿಲ್ಲ. ನಿಮ್ಮ ಗಟಾರಿನ ಮಾತು ವಿಷಯ ಪಟ್ಟಿಯಲ್ಲಿ ಇತ್ತೇ, ಅಥವಾ ಕೊನೆಯಲ್ಲಿ ಬರುವ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು" ಎಂಬುದರಡಿ ಬಂತೇ, ನೋಡಿ. ಹಾಗೆ ಬಂದ ವಿಷಯಕ್ಕೆ ಕಚೇರಿಯ ಟಿಪ್ಪಣಿ ಇರುವುದಿಲ್ಲವಾದ್ದರಿಂದ, ಬರೆಯುವವರು ಯಾರಿಗೂ ತೊಡಕಾಗದ ಸಡಿಲ ಮಾತು ಹಾಕಿಬಿಡುತ್ತಾರೆ. ಎಲ್ಲಿಂದ ಎಲ್ಲಿಯವರೆಗೆ, ಯಾವ ಕೆಲಸ, ಯಾವ ಅನುದಾನ ಎಂಬ ಮೂರೂ ಠರಾವಿನಲ್ಲಿ ಇಲ್ಲದಿದ್ದರೆ ಕೆಲಸ ಮುಂದೆ ಸಾಗುವುದು ಕಷ್ಟ.

ಮುಂದಿನ ಸಭೆಯ ಮೊದಲ ವಿಷಯ ಸಾಮಾನ್ಯವಾಗಿ ಹಿಂದಿನ ನಡಾವಳಿಯನ್ನು ಓದಿ ದೃಢೀಕರಿಸುವುದೇ ಆಗಿರುತ್ತದೆ. ತಿದ್ದುಪಡಿ ಹೇಳಬೇಕಾದದ್ದು ಆಗಲೇ, ಅದನ್ನು ಸದಸ್ಯರೇ ಹೇಳಬೇಕು. ಬಹಳ ಕಡೆ ಈ ಪುಟವನ್ನು ಓದದೆಯೇ ತಿರುವಿ ಹಾಕುತ್ತಾರೆ, ಇದು ನನಗೆ ಇಂದಿಗೂ ಬೇಸರದ ಸಂಗತಿ. ಎರಡು ತಿಂಗಳು ಕಳೆದಿರುವುದರಿಂದ ನಿಮ್ಮದು ಈಗಾಗಲೇ ದೃಢೀಕರಣವಾಗಿರಬಹುದು. ಹಾಗಿದ್ದರೆ ಹೊಸ ವಿಷಯವಾಗಿಯೇ ಪಟ್ಟಿಗೆ ಸೇರಿಸುವಂತೆ ಸದಸ್ಯರಿಂದ ಲಿಖಿತ ಪತ್ರ ಕೊಡಿಸಿ.

ಉತ್ತರ (ವಕೀಲ, ಧಾರವಾಡ)

ಪ್ರತಿ ಪಡೆಯುವ ಹಕ್ಕು ನಿಮಗೆ ಖಂಡಿತ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. "ಏಕೆ ಬದಲಾಯಿಸಿದಿರಿ" ಎಂದು ಕೇಳಬೇಡಿ. ಇಂಥ ದಿನಾಂಕದ ಸಭೆಯ ವಿಷಯ ಪಟ್ಟಿ, ಹಾಜರಾತಿ ಮತ್ತು ನಡಾವಳಿಯ ದೃಢೀಕೃತ ಪ್ರತಿ ಬೇಕೆಂದು ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಆದರೆ ಪ್ರತಿ ಕೈಗೆ ಬರಲಿ ಎಂದು ಕಾಯುತ್ತಾ ಮುಂದಿನ ಸಭೆಯನ್ನು ಕಳೆದುಕೊಳ್ಳಬೇಡಿ. ಹಿರಿಯರು ಹೇಳಿದ ಪತ್ರ ಇದೇ ವಾರ ಹೋಗಲಿ.

ವಾರ್ಡ್ ಸಮಿತಿಯ ವಿಚಾರ: 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ ಅದನ್ನು ಕಡ್ಡಾಯ ಮಾಡಿದೆ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9 ಲಕ್ಷ ದಾಟಿತ್ತು. ಹಾವೇರಿ, ರಾಣೇಬೆನ್ನೂರು, ಗದಗ-ಬೆಟಗೇರಿ ಮೂರೂ ಆ ಮಿತಿಯೊಳಗೇ ಇದ್ದವು. ಓಣಿಯ ಮಾತನ್ನು ಸಭೆಗೆ ಒಯ್ಯುವ ದಾರಿ ಸಣ್ಣ ಊರಿಗೇ ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಸಂಜೆ ನಾಲ್ಕೂ ಮನೆಯವರು ಸೇರಿ, ಶಾಲೆಯ ಮೂಲೆಯಿಂದ ರಾಜಕಾಲುವೆಯವರೆಗೆ ಟೇಪು ಹಿಡಿದು ಅಳೆದೆವು. ಆ ಅಳತೆಯನ್ನು ಪತ್ರದ ಮೊದಲ ಸಾಲಿನಲ್ಲೇ ಬರೆದು ಸದಸ್ಯರ ಮನೆಗೆ ಮುಟ್ಟಿಸಿದ್ದೇನೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಸೋಮವಾರ ಕೊಡುತ್ತೇನೆ.