ಲೆಬೆದೆವಾ ಅವರ ಅತ್ಯುತ್ತಮ ಜಿಗಿತ 15.34 ಮೀಟರೋ, 15.36 ಮೀಟರೋ?

ಪ್ರಶ್ನೆ: ರಷ್ಯಾದ ಟ್ರಿಪಲ್ ಜಂಪ್ ಪಟು ತತ್ಯಾನಾ ಲೆಬೆದೆವಾ ಅವರ ಹೆಸರಿನಲ್ಲಿ ಈ ಎರಡೂ ಅಂಕಿ ಕಾಣುತ್ತವೆ. ಯಾವುದು ಸರಿ? 2008ರ ಬೀಜಿಂಗ್ ಒಲಿಂಪಿಕ್ಸ್ ಪದಕಗಳನ್ನು ಲೆಕ್ಕಕ್ಕೆ ಹಿಡಿಯಬಹುದೇ?

ಉತ್ತರ 1: ಎರಡೂ ಸರಿ. 15.36 ಒಳಾಂಗಣದ್ದು, ಮಾರ್ಚ್ 2004, ಬುಡಾಪೆಸ್ಟ್. 2020ರಲ್ಲಿ ವೆನೆಜುವೆಲಾದ ಯುಲಿಮಾರ್ ರೋಹಾಸ್ 15.43 ಹಾರುವವರೆಗೆ ಅದೇ ಒಳಾಂಗಣ ವಿಶ್ವದಾಖಲೆ. 15.34 ಬಯಲಿನದ್ದು, 2004ರ ಜುಲೈನಲ್ಲಿ ಗ್ರೀಸ್‌ನ ಹೆರಾಕ್ಲಿಯನ್‌ನಲ್ಲಿ. ಬಯಲಲ್ಲಿ ಬೆನ್ನಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ಜಿಗಿತ ದಾಖಲೆಗೆ ಸೇರದು. ಒಳಾಂಗಣದಲ್ಲಿ ಆ ತಕರಾರೇ ಇಲ್ಲ. ಹಾಗಾಗಿ ಪಟ್ಟಿಗಳು ಬೇರೆಬೇರೆ, ಬೆರೆಸಬೇಡಿ.

ಉತ್ತರ 2: ಬೀಜಿಂಗ್‌ನ ಎರಡೂ ಬೆಳ್ಳಿ (ಟ್ರಿಪಲ್ 15.32, ಲಾಂಗ್ 7.03) ಹೋದವು. 2008ರ ಡೋಪಿಂಗ್ ಪರೀಕ್ಷೆಯ ಮಾದರಿಯನ್ನು ಮರುಪರೀಕ್ಷಿಸಿದಾಗ ಟ್ಯೂರಿನಬಾಲ್ ಎಂಬ ನಿಷೇಧಿತ ಸ್ಟೀರಾಯ್ಡ್ ಸಿಕ್ಕಿ, ಜನವರಿ 2017ರಲ್ಲಿ ಅನರ್ಹಗೊಳಿಸಿದರು. ಅದರ ಅಂಶಗಳನ್ನು ದೇಹದಲ್ಲಿ ಹೆಚ್ಚು ಕಾಲದ ನಂತರವೂ ಗುರುತಿಸುವ ವಿಧಾನ ಆಮೇಲೆ ಬಂದದ್ದರಿಂದಲೇ ಇಷ್ಟು ತಡ. ಉಳಿದಿರುವುದು ಒಲಿಂಪಿಕ್ಸ್ ಟ್ರಿಪಲ್ ಜಂಪ್‌ನಲ್ಲಿ ಸಿಡ್ನಿ ಬೆಳ್ಳಿ (15.00), ಅಥೆನ್ಸ್ ಕಂಚು (15.14), ಅಲ್ಲೇ ಲಾಂಗ್ ಜಂಪ್ ಚಿನ್ನ (7.07), ಜೊತೆಗೆ 2001, 2003ರ ಟ್ರಿಪಲ್ ಜಂಪ್ ವಿಶ್ವ ಚಾಂಪಿಯನ್ ಪಟ್ಟ.

ಉತ್ತರ 3: 2005 ಮರೆಯಬೇಡಿ. ಗೋಲ್ಡನ್ ಲೀಗ್ ಎಂಬ ಅಥ್ಲೆಟಿಕ್ಸ್ ಸರಣಿಯ ಆರೂ ಕೂಟ ಗೆದ್ದು 10 ಲಕ್ಷ ಡಾಲರ್ ಒಬ್ಬರೇ ಬಾಚಿದರು. ಅದೇ ವರ್ಷ ಹೆಲ್ಸಿಂಕಿ ವಿಶ್ವಕೂಟದ ಫೈನಲ್ ಮಾತ್ರ ಹಿಮ್ಮಡಿ ನೋವಿಂದ ಕೈತಪ್ಪಿತು.